ಟೈರ್ ಒಳಗೆ ಬೆರಳಾಡಿಸಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೈಕಲ್ ಟೈರಿನ ಗೋಳು. ಬೇಸಿಗೆ ಅಲ್ವಾ, ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಮನುಷ್ಯರ ಹಿಮ್ಮಡಿಯೇ ಬಿರಿಯುವಾಗ ರಬ್ಬರ್ ಬಿರಿಯದೆ ಇರುತ್ತಾ? ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಈ ತಿಂಗಳು ಟೈರು, ಟ್ಯೂಬು ಇಷ್ಟನ್ನೇ ಹಿಡಿದಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಬರೆದಿದ್ದಾರೆ, ಅದಕ್ಕೇ ಎಲ್ಲರದ್ದೂ ಊರು ಮಾತ್ರ ಇದೆ.

ಪ್ರಶ್ನೆ: ಅಪ್ಪನದು ಕರೀ ದೊಡ್ಡ ಸೈಕಲ್, 28 ಇಂಚಿನದು. ಹೊಲಕ್ಕೆ ಹೋಗಿ ಬರಲು ಇವತ್ತಿಗೂ ಅವರಿಗೆ ಅದೇ ಬೇಕು. ಹೋದ ವಾರ ಕಾಲುವೆ ದಾರಿಯಲ್ಲಿ ಒಡೆದ ಬಾಟಲಿ ಮೇಲೆ ಹತ್ತಿ ಹಿಂದಿನ ಟೈರು ಪಕ್ಕದಲ್ಲಿ ಸೀಳಿದೆ, ಹೆಚ್ಚುಕಮ್ಮಿ ಒಂದು ಇಂಚು. ಗಾಳಿ ತುಂಬಿದರೆ ಅಲ್ಲಿ ಉಬ್ಬುತ್ತದೆ. ಟೈರ್ ಹಾಕಿಸಿ ಒಂದೂವರೆ ವರ್ಷ ಆಗಿದೆ ಅಷ್ಟೇ, ಗ್ರಿಪ್ ಎಲ್ಲ ಚೆನ್ನಾಗಿದೆ. ಒಬ್ಬ ಅಂಗಡಿಯವರು ಗೇಟರ್, ಅಂದರೆ ಒಳಗಡೆ ಹಳೇ ಟೈರಿನ ತುಂಡು, ಹಾಕಿದರೆ ಇನ್ನೊಂದು ವರ್ಷ ಓಡುತ್ತೆ ಅಂತಾರೆ. ಇನ್ನೊಬ್ಬರು ಹೊಸದೇ ಹಾಕಿಸಿ ಅಂತಾರೆ. ಯಾರ ಮಾತು ಕೇಳಲಿ?
– ಕಾರಟಗಿ

ಉತ್ತರ: ಹೊಸದು ಅಂದವರ ಮಾತು ಕೇಳಿ. ಹಾಗಂತ ಗೇಟರ್ ಅಂದವರು ಟೋಪಿ ಹಾಕುತ್ತಿದ್ದಾರೆ ಅಂದುಕೊಳ್ಳಬೇಡಿ. ಇದೇ ಸೀಳು ಸಣ್ಣದಾಗಿ, ನೆಲ ತಾಗುವ ಜಾಗದಲ್ಲಿ ಇದ್ದಿದ್ದರೆ ನಾನೂ ಗೇಟರ್ ಹಾಕಿಸಿ ಎಂದೇ ಹೇಳುತ್ತಿದ್ದೆ.

ನೀವು ಗ್ರಿಪ್ ಚೆನ್ನಾಗಿದೆ ಎಂದು ಬರೆದಿದ್ದೀರಿ. ಎಲ್ಲರೂ ನೋಡುವುದು ಅದನ್ನೇ. ಆದರೆ ಗಾಳಿಯನ್ನು ತಡೆದು ಹಿಡಿಯುವುದು ಗ್ರಿಪ್ ಅಲ್ಲ, ರಬ್ಬರೂ ಅಲ್ಲ. ರಬ್ಬರಿನ ಒಳಗೆ ನೈಲಾನ್ ನೂಲಿನ ಪದರ ಇರುತ್ತದೆ, ಓರೆ ಓರೆಯಾಗಿ ಒಂದರ ಮೇಲೊಂದು ಹಾಸಿರುತ್ತಾರೆ, ಹಳೇ ಟೈರ್ ಸವೆದಾಗ ಬೆಳ್ಳಗೆ ಎಳೆ ಎಳೆಯಾಗಿ ಹೊರಗೆ ಬರುತ್ತಲ್ಲ, ಅದೇ. ಟೈರಿನ ಜೀವ ಇರುವುದು ಆ ನೂಲಿನಲ್ಲಿ ಮತ್ತು ರಿಮ್ಮಿಗೆ ಕೂರುವ ಅಂಚಿನ ತಂತಿಯಲ್ಲಿ. ಮೇಲಿನ ರಬ್ಬರ್ ಸವೆಯುವುದಕ್ಕೆ ಅಂತಲೇ ಇರುವ ಚಪ್ಪಲಿ ಇದ್ದ ಹಾಗೆ. ಭತ್ತ ತುಂಬಿದ ಚೀಲ ನೋಡಿದ್ದೀರಿ, ಅದರ ಮೇಲೆ ಬರೆದ ಬಣ್ಣ ಅಳಿಸಿ ಹೋದರೆ ಏನೂ ಆಗುವುದಿಲ್ಲ, ಆದರೆ ನಾಲ್ಕು ಎಳೆ ಹರಿಯಿತೋ, ಲಾರಿಗೆ ಏರಿಸುವಷ್ಟರಲ್ಲಿ ಅರ್ಧ ಭತ್ತ ನೆಲಕ್ಕೆ.

ಒತ್ತಡ ಎಷ್ಟಿರುತ್ತೆ ಎಂದು ಒಂದು ಲೆಕ್ಕ ಹೇಳುತ್ತೇನೆ. ದೊಡ್ಡ ಸೈಕಲ್ಲಿನ ಟೈರಿಗೆ 50 ಪೌಂಡ್ ಗಾಳಿ ಹಾಕಿಸಿದರೆ, ಒಳಗಡೆ ಪ್ರತಿ ಚದರ ಇಂಚಿನ ಮೇಲೂ ಸುಮಾರು 23 ಕೆ.ಜಿ. ಭಾರ ತಳ್ಳುತ್ತಿರುತ್ತದೆ. ನೂಲು ಕತ್ತರಿಸಿದ ಜಾಗದಲ್ಲಿ ಅದನ್ನು ತಡೆಯೋದು ಬರೀ ಟ್ಯೂಬು, ಅದು ಬಲೂನಿನ ಜಾತಿ. ನಿಮ್ಮ ಟೈರಿನ ಉಬ್ಬು ಅದೇ. ಟ್ಯೂಬು ಕಿಟಕಿಯಲ್ಲಿ ತಲೆ ಹಾಕಿ ಹೊರಗೆ ನೋಡುತ್ತಿದೆ.

ಈಗ ಮನೆಯಲ್ಲೇ ಮಾಡುವ ಪರೀಕ್ಷೆ. ಗಾಳಿ ಪೂರ್ತಿ ಬಿಡಿ. ಟೈರಿನ ಒಂದು ಪಕ್ಕ ರಿಮ್ಮಿನಿಂದ ಎಬ್ಬಿಸಿ ಟ್ಯೂಬ್ ತೆಗೆಯಿರಿ. ಸೀಳಿದ ಜಾಗದಲ್ಲಿ ಟೈರನ್ನು ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ, ಹೊರಗಿನಿಂದ ಹೆಬ್ಬೆರಳು ಒತ್ತಿ. ಒಳಗೆ ನೂಲೆಲ್ಲ ನೆಟ್ಟಗಿದ್ದು ಹೊರಗಿನ ರಬ್ಬರ್ ಮಾತ್ರ ಬಾಯಿ ಬಿಟ್ಟಿದ್ದರೆ ಅದು ಗಾಯವೇ ಅಲ್ಲ, ಗೀರು. ಒಳಗಿನ ಮಣ್ಣು ಕಲ್ಲು ಕೆದರಿ ತೆಗೆದು ಓಡಿಸಿ. ಒಂದೆರಡು ಎಳೆ ಹರಿದು ಗೋಧಿ ಕಾಳಿನಷ್ಟು ತೂತು ಕಂಡರೆ, ಅದೂ ನೆಲ ತಾಗುವ ಭಾಗದಲ್ಲಿ, ಗೇಟರ್ ಸಾಕು. ಸೀಳಿನಿಂದ ಬೆಳಕು ಉದ್ದಕ್ಕೆ ಕಂಡರೆ, ಅಥವಾ ಒತ್ತಿದಾಗ ತುಟಿ ತೆರೆದ ಹಾಗೆ ಆದರೆ ಅಂಗಡಿಗೆ ಹೋಗಿ ಹೊಸ ಟೈರ್ ತನ್ನಿ. ಅಂಚಿನ ತಂತಿ ತುಂಡಾಗಿದ್ದರಂತೂ ಯೋಚನೆಯೇ ಬೇಡ, ಅದಕ್ಕೆ ಯಾವ ರಿಪೇರಿಯೂ ಇಲ್ಲ.

ಪಕ್ಕದ ಸೀಳಿಗೆ ನಾನು ಇಷ್ಟು ಹೆದರುವುದಕ್ಕೆ ಕಾರಣ ಇದೆ. ಚಕ್ರ ಒಂದು ಸುತ್ತು ತಿರುಗಿದಾಗ ಟೈರಿನ ಪಕ್ಕ ಒಂದು ಸಲ ಮಡಚಿ ಬಿಚ್ಚುತ್ತದೆ. 28 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 445 ಸುತ್ತು ಹಾಕುತ್ತದೆ. ಹೊಲ ನಾಲ್ಕು ಕಿಲೋಮೀಟರ್ ದೂರ ಅಂತಿಟ್ಟುಕೊಳ್ಳಿ, ಹೋಗಿ ಬರುವಷ್ಟರಲ್ಲಿ ಆ ಸೀಳು ಮೂರೂವರೆ ಸಾವಿರ ಸಲ ಬಾಯಿ ತೆರೆದು ಮುಚ್ಚಿರುತ್ತದೆ. ಜತೆಗೆ ಅಲ್ಲಿ ರಬ್ಬರ್ ತೆಳ್ಳಗೆ, ಅಂಟು ನಿಲ್ಲುವುದಿಲ್ಲ. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆಯೋ ಗೊಬ್ಬರದ ಚೀಲವೋ ಬಿದ್ದರೆ ಮುಗೀತು.

ಇದನ್ನು ನಾನು ಬುದ್ಧಿವಂತನಾಗಿ ಹೇಳುತ್ತಿಲ್ಲ, ಪೆಟ್ಟು ತಿಂದು ಹೇಳುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ಮುಂದಿನ ಟೈರಿನ ಪಕ್ಕಕ್ಕೆ ಗೇಟರ್ ಹಾಕಿಸಿಕೊಂಡು, ಎಂಟು ದಿನ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯದಲ್ಲಿ ಗೆಳೆಯರ ಜತೆ ಸಂಡೂರಿಗೆ ಹೋಗಿದ್ದೆ. ಇಳಿಜಾರಿನಲ್ಲಿ ಢಂ ಅಂತು. ಮುಂದಿನ ಚಕ್ರ ಒಮ್ಮೆಲೇ ಚಪ್ಪಟೆ ಆದರೆ ಹ್ಯಾಂಡಲ್ ನಮ್ಮ ಮಾತು ಕೇಳುವುದಿಲ್ಲ. ಮೊಣಕೈಯಲ್ಲಿ ಇವತ್ತಿಗೂ ಆ ಕೆಂಪು ಮಣ್ಣಿನ ಗುರುತಿದೆ, ಅದಿರಿನ ಊರಿನದು, ಸುಲಭಕ್ಕೆ ಹೋಗಲಿಲ್ಲ. ಅಂಗಡಿಯವರು ಆಗಲೇ ಎಚ್ಚರಿಸಿದ್ದರು, ಹಟ ಹಿಡಿದು ಹಾಕಿಸಿದವನು ನಾನೇ.

ಅದಕ್ಕೇ ನನ್ನ ಕಟ್ಟುನಿಟ್ಟು ಇಷ್ಟು: ಹಿಂದಿನ ಟೈರಿಗೆ ಗೇಟರ್ ನಡೆಯುತ್ತೆ, ಮುಂದಿನದಕ್ಕೆ ಬೇಡ. ಹಿಂದಿನದು ಹೋದರೆ ಸೈಕಲ್ ಅಡ್ಡಾದಿಡ್ಡಿ ಎಳೆದಾಡುತ್ತದೆ, ನಿಲ್ಲಿಸಿಕೊಳ್ಳಬಹುದು. ಮುಂದಿನದು ಹೋದರೆ ಬೀಳುತ್ತೀರಿ.

ಗೇಟರ್ ಹಾಕಿಸುವವರಿಗೂ ಒಂದು ಮಾತು. ಹಳೇ ಟೈರಿನ ತುಂಡು ತಗೊಂಡು ಅಂಚಿನ ತಂತಿ ಕತ್ತರಿಸಿ ತೆಗೆಯಬೇಕು, ತುಂಡಿನ ಸುತ್ತ ಅಂಚನ್ನು ದೋಸೆಯಂಚಿನ ಹಾಗೆ ತೆಳ್ಳಗೆ ಕೆತ್ತಬೇಕು, ಇಲ್ಲದಿದ್ದರೆ ಆ ಅಂಚೇ ಟ್ಯೂಬನ್ನು ಉಜ್ಜಿ ಉಜ್ಜಿ ತಿನ್ನುತ್ತದೆ, ಆಮೇಲೆ ತಿಂಗಳಿಗೊಂದು ಪಂಕ್ಚರ್ ಯಾಕೆ ಆಗ್ತಿದೆ ಅಂತ ಮುಳ್ಳು ಹುಡುಕುತ್ತಾ ಕೂರುತ್ತೀರಿ. ತುಂಡು ತೂತಿಗಿಂತ ಎಲ್ಲ ಕಡೆ ಒಂದೊಂದು ಇಂಚಾದರೂ ದೊಡ್ಡದಿರಲಿ. ಒಳಮೈ ಉಜ್ಜಿ, ಸೊಲ್ಯೂಷನ್ ಹಚ್ಚಿ, ಒಣಗಿಸಿ ಅಂಟಿಸಲಿ. ಸುಮ್ನೆ ಒಳಗಿಟ್ಟು ಗಾಳಿ ತುಂಬಿದರೆ ಅದು ಜರುಗುತ್ತದೆ.

ಇನ್ನು ದುಡ್ಡಿನ ಮಾತು. ಗೇಟರಿಗೆ ಕೊಡುವ ಹಣ, ಅದು ಬಿಟ್ಟಾಗ ಸಾಯುವ ಟ್ಯೂಬಿನ ಹಣ, ಅಪ್ಪ ಸೈಕಲ್ ತಳ್ಳಿಕೊಂಡು ಬಿಸಿಲಲ್ಲಿ ಬರುವ ನಾಲ್ಕು ಕಿಲೋಮೀಟರ್, ಇಷ್ಟನ್ನೂ ಕೂಡಿಸಿ ನೋಡಿ. ಹೊಸ ಟೈರಿನ ಬೆಲೆ ಆಗ ಅಷ್ಟು ಜಾಸ್ತಿ ಅನ್ನಿಸುವುದಿಲ್ಲ. ಹೊಸದು ಬರುವವರೆಗೆ ಒಂದೆರಡು ದಿನಕ್ಕೆ ಹಳೇ ಟೈರಿನ ತುಂಡು ಒಳಗಿಟ್ಟು, ಗಾಳಿ ಸ್ವಲ್ಪ ಕಡಿಮೆ ಹಾಕಿ, ಹೊರೆ ಇಲ್ಲದೆ ಓಡಿಸಲಿ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು, ಲೇಡೀಸ್ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾಳೆ. ಒಂದು ತಿಂಗಳಲ್ಲಿ ಹಿಂದಿನ ಚಕ್ರ ಆರು ಸಲ ಪಂಕ್ಚರ್ ಆಗಿದೆ. ಪ್ರತಿ ಸಲವೂ ಹಾಕಿಸುತ್ತೇವೆ, ಮೂರ್ನಾಲ್ಕು ದಿನಕ್ಕೆ ಮತ್ತೆ ಅದೇ. ಟೈರ್ ಬದಲಿಸಲೇಬೇಕು ಎನ್ನುತ್ತಾರೆ. ನೋಡಲು ಚೆನ್ನಾಗಿಯೇ ಇದೆಯಲ್ಲ?
– ಬಳ್ಳಾರಿ, ಕೌಲ್ ಬಜಾರ್

ಉತ್ತರ: ಟೈರ್ ಬದಲಿಸುವ ಮುಂಚೆ ಸ್ವಲ್ಪ ಪತ್ತೇದಾರಿ ಮಾಡೋಣ. ಆರು ಪಂಕ್ಚರ್ ಅಂದರೆ ಆರು ಮುಳ್ಳು ಅಂತ ಅರ್ಥ ಅಲ್ಲ. ಎಷ್ಟೋ ಸಲ ಒಂದೇ ಮುಳ್ಳು ಆರು ಸಲ ಚುಚ್ಚಿರುತ್ತದೆ.

ನಮ್ಮ ಊರಿನ ಹೆಸರಿಟ್ಟುಕೊಂಡ ಗಿಡವೇ ಇದೆಯಲ್ಲ, ಬಳ್ಳಾರಿ ಜಾಲಿ. ಅದು ಮೂಲದಲ್ಲಿ ನಮ್ಮದಲ್ಲ, ಮೆಕ್ಸಿಕೊ, ದಕ್ಷಿಣ ಅಮೆರಿಕಾ ಕಡೆಯದು, 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಈ ದೇಶಕ್ಕೆ ಬಂತು. ಬಂದದ್ದು ಸೌದೆಗೆ, ಬರಡು ನೆಲಕ್ಕೆ ಹಸಿರು ಹೊದಿಸಲಿಕ್ಕೆ. ಆಮೇಲೆ ಹಳ್ಳ, ಕೆರೆ, ರಸ್ತೆ ಬದಿ ಎಲ್ಲವನ್ನೂ ತನ್ನದು ಮಾಡಿಕೊಂಡಿತು. ರಸ್ತೆ ಪಕ್ಕ ಜಾಲಿ ಕಡಿದು ಎಳೆದುಕೊಂಡು ಹೋದ ದಿನ ನೋಡಿ, ಪಂಕ್ಚರ್ ಅಂಗಡಿ ಮುಂದೆ ಸಾಲು ನಿಂತಿರುತ್ತದೆ. ಇದರ ಮುಳ್ಳಿನ ಕೆಟ್ಟ ಗುಣ ಏನೆಂದರೆ, ಟೈರಿಗೆ ಹೊಕ್ಕ ಮೇಲೆ ಹೊರಗಿನ ಭಾಗ ಮುರಿದು ಉದುರುತ್ತದೆ, ತುದಿ ಮಾತ್ರ ರಬ್ಬರಿನೊಳಗೆ ಉಳಿಯುತ್ತದೆ. ಹೊರಗಿನಿಂದ ಎಷ್ಟು ಹುಡುಕಿದರೂ ಕಾಣುವುದಿಲ್ಲ. ಗಾಳಿ ಗಟ್ಟಿಯಾಗಿ ತುಂಬಿ, ಮಗಳು ಸೀಟಿನ ಮೇಲೆ ಕೂತು ಭಾರ ಬಿದ್ದಾಗ ಆ ತುದಿ ಕೂದಲೆಳೆಯಷ್ಟು ಒಳಗೆ ಬರುತ್ತದೆ. ಮೂರು ದಿನಕ್ಕೆ ತೂತು. ಇನ್ನೊಂದು ನೆಗ್ಗಿಲ ಮುಳ್ಳು, ನೆಲಕ್ಕೆ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ, ಬರಿಗಾಲಲ್ಲಿ ಹೊಲಕ್ಕೆ ಹೋದವರಿಗೆ ನಾನು ಹೇಳಬೇಕಾಗಿಲ್ಲ.

ಹುಡುಕುವ ರೀತಿ ಹೀಗೆ. ಟ್ಯೂಬ್ ತೆಗೆಯುವ ಮುಂಚೆ, ಗಾಳಿ ಹಾಕುವ ವಾಲ್ ಇರುವ ಜಾಗದಲ್ಲಿ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ. ಟ್ಯೂಬಿಗೆ ಗಾಳಿ ಹಾಕಿ ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಬಂದ ಜಾಗ ವಾಲ್‌ನಿಂದ ಎಷ್ಟು ಗೇಣು ದೂರ ಎಂದು ಅಳೆಯಿರಿ. ಟೈರಿನಲ್ಲೂ ಗುರುತಿನಿಂದ ಅಷ್ಟೇ ಗೇಣು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಹುಡುಕಿ. ಒಳಮೈ ಮೇಲೆ ನಿಧಾನಕ್ಕೆ ಬೆರಳಾಡಿಸಿ, ಜೋರಾಗಿ ಅಲ್ಲ, ಗಾಜಿನ ಚೂರಿದ್ದರೆ ಬೆರಳು ಹೋಗುತ್ತದೆ. ಬೆರಳಿಗೆ ಸಿಗದಿದ್ದರೆ ಹತ್ತಿಯ ಉಂಡೆ ಮಾಡಿ ಟೈರೊಳಗೆ ಒಂದು ಸುತ್ತು ಸವರಿ. ಮುಳ್ಳಿನ ತುದಿ ಎಷ್ಟೇ ಸಣ್ಣದಿರಲಿ, ಹತ್ತಿಯ ಎಳೆ ಅದಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಹಳೇ ಉಗುರುಕತ್ತರಿಯಿಂದಲೋ ಇಕ್ಕಳದಿಂದಲೋ ಒಳಗಿನಿಂದಲೇ ಎಳೆದು ತೆಗೆಯಿರಿ. ಅಂಗಡಿಯಲ್ಲಿ ಗಡಿಬಿಡಿ ಇದ್ದಾಗ ಬಿಟ್ಟುಹೋಗುವುದು ಈ ಕೆಲಸವೇ. ಟ್ಯೂಬಿಗೆ ತೇಪೆ ಹಾಕುತ್ತಾರೆ, ಟೈರ್ ನೋಡುವುದಿಲ್ಲ.

ತೂತು ಟ್ಯೂಬಿನ ಯಾವ ಕಡೆ ಇದೆ ಅನ್ನುವುದೂ ಕಥೆ ಹೇಳುತ್ತದೆ. ನೆಲದ ಕಡೆ ಇದ್ದರೆ ಮುಳ್ಳು, ಗಾಜು, ತಂತಿ. ರಿಮ್ಮಿನ ಕಡೆ ಇದ್ದರೆ ಟೈರಿಗೂ ಅದಕ್ಕೂ ಸಂಬಂಧವೇ ಇಲ್ಲ, ಅರೆಕಡ್ಡಿಯ ತುದಿ ಚುಚ್ಚುತ್ತಿದೆ. ರಿಮ್ಮಿನ ಒಳಗೆ ಸುತ್ತುವ ಟೇಪು ಜರುಗಿದೆ ಅಥವಾ ಕೊಳೆತಿದೆ. ಟೇಪು ಹೊಸದು ಹಾಕಿಸಿ, ಉದ್ದ ಹೊರಟ ಕಡ್ಡಿ ಇದ್ದರೆ ಅರದಿಂದ ಉಜ್ಜಿಸಿ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಡಿಮೆ ಇತ್ತು ಅಂತ ಲೆಕ್ಕ. ಗುಂಡಿಯ ಅಂಚಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹಾಕಿಕೊಂಡಿದೆ. ಹಿಂದೆ ಗೆಳತಿಯನ್ನು ಕೂರಿಸಿಕೊಂಡು ಬರುತ್ತಾಳಾ ಎಂದು ಕೇಳಿ ನೋಡಿ, ಬೈಯಬೇಡಿ, ಗಾಳಿ ಜಾಸ್ತಿ ಹಾಕಿಸಿ ಅಷ್ಟೇ.

ನೀರಿನಲ್ಲಿ ಅದ್ದಿದರೂ ಗುಳ್ಳೆಯೇ ಬರಲಿಲ್ಲ, ಆದರೂ ಬೆಳಿಗ್ಗೆ ಎದ್ದರೆ ಗಾಳಿ ಇಲ್ಲ ಅನ್ನುವ ಹಾಗಿದ್ದರೆ ವಾಲ್ ಟ್ಯೂಬ್ ನೋಡಿ. ಹಳೇ ನಮೂನೆಯ ವಾಲ್ ಒಳಗೆ ಸಣ್ಣ ರಬ್ಬರಿನ ನಳಿಕೆ ಇರುತ್ತದೆ, ನಮ್ಮ ಬಿಸಿಲಿಗೆ ಬೇಗ ಅಂಟಂಟಾಗಿ ಹರಿಯುತ್ತದೆ. ವಾಲ್ ಬಾಯಿಗೆ ಸ್ವಲ್ಪ ಎಂಜಲು ಹಚ್ಚಿ, ಗುಳ್ಳೆ ಎದ್ದರೆ ಅದೇ ಕಳ್ಳ. ಬಹಳ ಅಗ್ಗದ ಸಾಮಾನು, ಮನೆಯಲ್ಲಿ ನಾಲ್ಕು ತಂದಿಟ್ಟುಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ಪ್ರತಿ ಸಲ ಹೊಸ ಹೊಸ ಜಾಗದಲ್ಲಿ ನೆಲದ ಕಡೆಯೇ ತೂತು ಆಗುತ್ತಿದ್ದರೆ, ಅಂಗಡಿಯವರು ಹೇಳಿದ್ದು ಸರಿ. ಟೈರಿನ ನಡುಭಾಗ ಸವೆದು ತೆಳ್ಳಗಾಗಿದೆ, ಸಣ್ಣ ಮುಳ್ಳಿಗೂ ದಾರಿ ಬಿಡುತ್ತಿದೆ. ಹೊಸ ಟೈರಿನಲ್ಲಿ ಅದೇ ಮುಳ್ಳು ರಬ್ಬರಿನಲ್ಲೇ ನಿಂತುಬಿಡುತ್ತದೆ.

ಪ್ರಶ್ನೆ: ಟ್ಯೂಬಿಗೆ ಈಗಾಗಲೇ ಏಳು ತೇಪೆ ಆಗಿವೆ. ಎಷ್ಟರವರೆಗೆ ಹಾಕಿಸಬಹುದು?
– ಸಿಂಧನೂರು

ಉತ್ತರ: ಲೆಕ್ಕಕ್ಕಿಂತ ಜಾಗ ಮುಖ್ಯ. ದೂರ ದೂರ ಇರುವ ಏಳು ಒಳ್ಳೆಯ ತೇಪೆಗಿಂತ ಒಂದರ ಮೇಲೊಂದು ಏರಿದ ಎರಡು ತೇಪೆ ಕೆಟ್ಟದ್ದು. ತೇಪೆಯ ಮೇಲೆ ತೇಪೆ ನಿಲ್ಲುವುದಿಲ್ಲ. ವಾಲ್ ಬುಡದಲ್ಲಿ ಹರಿದಿದ್ದರೂ ಸಮಯ ಹಾಳು ಮಾಡಬೇಡಿ, ಹೊಸ ಟ್ಯೂಬ್ ತಗೊಳ್ಳಿ. ಟ್ಯೂಬನ್ನು ಎರಡು ಕೈಯಲ್ಲಿ ಎಳೆದಾಗ ಮೈ ಮೇಲೆ ಸಣ್ಣ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ.

ತೇಪೆ ಬಿಡುವುದಕ್ಕೆ ಹೆಚ್ಚಿನ ಸಲ ಅವಸರವೇ ಕಾರಣ. ಉಜ್ಜು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು, ಸೊಲ್ಯೂಷನ್ ತೆಳ್ಳಗೆ ಹಚ್ಚಬೇಕು, ಹಚ್ಚಿದ ಮೇಲೆ ಐದು ನಿಮಿಷ ಕಾಯಬೇಕು. ಹಸಿ ಇರುವಾಗ ಅಂಟಿಸಿದರೆ ಚೆನ್ನಾಗಿ ಹಿಡಿಯುತ್ತದೆ ಅಂತ ಜನ ತಿಳಿದಿದ್ದಾರೆ, ಆಗುವುದು ಉಲ್ಟಾ. ಬೆರಳಿನ ಹಿಂಭಾಗ ತಾಗಿಸಿದರೆ ಅಂಟಬಾರದು, ಅಷ್ಟು ಒಣಗಿರಬೇಕು. ಆಮೇಲೆ ತೇಪೆ ಇಟ್ಟು ನಡುವಿನಿಂದ ಅಂಚಿಗೆ ಒತ್ತಿ. ಅಂಟಿದ ಮೇಲೆ ಸುತ್ತ ಸ್ವಲ್ಪ ಪೌಡರ್ ಬಳಿಯಿರಿ, ಟೈರಿಗೆ ಅಂಟಿಕೊಳ್ಳುವುದಿಲ್ಲ, ಮುಖದ ಪೌಡರೇ ಸಾಕು.

ಪ್ರಶ್ನೆ: ಮಗನ ಗೇರ್ ಸೈಕಲ್ಲಿನ ಟೈರ್ ಹೋಯಿತು. 26 ಇಂಚಿನದು ಎಂದು ಹೇಳಿ ಹೊಸದು ತಂದರೆ ರಿಮ್ಮಿಗೆ ಕೂರುತ್ತಲೇ ಇಲ್ಲ, ದೊಡ್ಡದಾಗುತ್ತೆ. ಟೈರಿನ ಮೇಲೆ 26 ಅಂತಲೇ ಇದೆ. ಇದೇನು ಮೋಸ?
– ರಾಯಚೂರು

ಉತ್ತರ: ಮೋಸ ಅಲ್ಲ, ಸೈಕಲ್ ಲೋಕದ ಹಳೇ ಗೊಂದಲ. 26 ಇಂಚು ಅನ್ನುವುದು ಟೈರಿನ ಹೊರ ಅಳತೆಗೆ ಕೊಟ್ಟ ಅಂದಾಜು ಹೆಸರು, ರಿಮ್ಮಿನ ಅಳತೆ ಅಲ್ಲ. ಲೇಡೀಸ್ ಸೈಕಲ್ಲಿನ 26 ಇಂಟು 1⅜ ಟೈರು 590 ಮಿಲಿಮೀಟರ್ ರಿಮ್ಮಿಗೆ ಕೂರುತ್ತದೆ. ಗೇರ್ ಸೈಕಲ್ಲಿನ ದಪ್ಪ ಟೈರು, 26 ಇಂಟು 1.95 ಅಂತಲೋ 2.125 ಅಂತಲೋ ಬಿಂದು ಹಾಕಿ ಬರೆದಿರುತ್ತಾರಲ್ಲ, ಅದು ಕೂರುವುದು 559ರ ರಿಮ್ಮಿಗೆ. 31 ಮಿಲಿಮೀಟರ್ ವ್ಯತ್ಯಾಸ, ಹೇಗೆ ಕೂರುತ್ತೆ ಹೇಳಿ? ನಿಮಗೆ ಕೊಟ್ಟಿರುವುದು ಮೊದಲನೆಯದು. ಗಾಳಿ ಹಾಕದೆ, ಕೊಳೆ ಮಾಡದೆ ಹಾಗೆಯೇ ಇಟ್ಟಿದ್ದರೆ ವಾಪಸ್ ಕೊಟ್ಟು ಬದಲಿಸಿಕೊಳ್ಳಿ.

ತಮಾಷೆ ಇನ್ನೊಂದಿದೆ. ನಮ್ಮ ಅಜ್ಜಂದಿರ 28 ಇಂಚಿನ ಕರೀ ಸೈಕಲ್ಲಿನ ರಿಮ್ಮು 635 ಮಿಲಿಮೀಟರ್. ಈಗಿನ ಹುಡುಗರು ಹೆಮ್ಮೆಯಿಂದ ತೋರಿಸುವ 29 ಇಂಚಿನ ಸೈಕಲ್ಲಿನ ರಿಮ್ಮು 622. ಅಂದರೆ 28 ದೊಡ್ಡದು, 29 ಸಣ್ಣದು! ಅದಕ್ಕೇ ಅಂಗಡಿಗೆ ಹೋದಾಗ ಇಂಚು ಹೇಳಬೇಡಿ. ಹಳೇ ಟೈರಿನ ಪಕ್ಕದಲ್ಲಿ ಅಡ್ಡಗೆರೆ ಹಾಕಿ ಎರಡು ಅಂಕಿ ಬರೆದಿರುತ್ತಾರೆ, 40-635, 37-590, 50-559 ಹೀಗೆ. ಮೊದಲನೆಯದು ಟೈರಿನ ದಪ್ಪ, ಎರಡನೆಯದು ರಿಮ್ಮಿನ ಅಳತೆ. ಎರಡನೆಯದು ಕೂದಲೆಳೆಯಷ್ಟೂ ಬದಲಾಗಬಾರದು. ಮೊದಲನೆಯದು ಸ್ವಲ್ಪ ಆಚೀಚೆ ಆದರೆ ನಡೆಯುತ್ತದೆ, ಬ್ರೇಕಿಗೆ, ಮಡ್‌ಗಾರ್ಡಿಗೆ ತಾಗಬಾರದು ಅಷ್ಟೇ. ಎರೆ ಮಣ್ಣಿನ ಕಡೆ ಓಡಾಡುವವರು ಮಡ್‌ಗಾರ್ಡಿಗೆ ಎರಡು ಬೆರಳಾದರೂ ಜಾಗ ಬಿಡಿ, ಮಳೆಗಾಲದಲ್ಲಿ ಆ ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಅಂಕಿ ಅಳಿಸಿ ಹೋಗಿದ್ದರೆ ಹಳೇ ಟೈರನ್ನೇ ಹೆಗಲಿಗೆ ಹಾಕಿಕೊಂಡು ಹೋಗಿ.

ಪ್ರಶ್ನೆ: ನನ್ನ ಸೈಕಲ್ ದಿನವೆಲ್ಲ ಬಿಸಿಲಲ್ಲಿ ನಿಂತಿರುತ್ತದೆ. ಎರಡೂ ಟೈರಿನ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಂದಿವೆ, ಹಿಂದಿನದು ಜಾಸ್ತಿ ಸವೆದಿದೆ. ಈಗ ಒಂದು ಟೈರಿಗೆ ಮಾತ್ರ ದುಡ್ಡು ಇದೆ. ಹಿಂದಿನದನ್ನು ಬದಲಿಸಿದರೆ ಸಾಕಾ?
– ಕೊಪ್ಪಳ

ಉತ್ತರ: ಒಂದೇ ಟೈರ್ ತನ್ನಿ, ಆದರೆ ಅದನ್ನು ಮುಂದಕ್ಕೆ ಹಾಕಿಸಿ. ಈಗ ಮುಂದಿರುವುದು ಹಿಂದಕ್ಕೆ ಹೋಗಲಿ, ಹಿಂದಿನದು ಮನೆಗೆ. ಕೂತವರ ಭಾರ ಜಾಸ್ತಿ ಬೀಳುವುದು ಹಿಂದೆ, ಸವೆಯುವುದೂ ಹಿಂದಿನದೇ, ಅದಕ್ಕೆ ಎಲ್ಲರೂ ಹೊಸದನ್ನು ಹಿಂದೆ ಹಾಕಿಸುತ್ತಾರೆ. ಮೇಲೆ ನನ್ನ ಸಂಡೂರಿನ ಕಥೆ ಓದಿದರೆ ಮುಂದೆ ಯಾಕೆ ಅಂತ ಗೊತ್ತಾಗುತ್ತೆ.

ಬಿರುಕಿನ ಬಗ್ಗೆ. ಉಗುರು ಇಳಿಯದಷ್ಟು ತೆಳ್ಳಗಿನ ಗೆರೆಗಳಾದರೆ ಓಡಿಸಬಹುದು. ಟೈರನ್ನು ಎರಡು ಬೆರಳಲ್ಲಿ ಹಿಂಡಿದಾಗ ಬಿರುಕಿನೊಳಗೆ ನೂಲು ಕಂಡರೆ ಅದನ್ನು ಹಿಂದಕ್ಕೂ ಹಾಕಬೇಡಿ. ಬಿಸಿಲು ರಬ್ಬರನ್ನು ಒಣಗಿಸುತ್ತದೆ, ಅದು ಒಂದು ಕಾರಣ. ಕಡಿಮೆ ಗಾಳಿಯಲ್ಲಿ ಭಾರ ಹೇರಿ ಓಡಿಸುವುದು ಇನ್ನೊಂದು, ಪಕ್ಕ ಜಾಸ್ತಿ ಮಡಚಿ ಮಡಚಿ ಬಿರಿಯುತ್ತದೆ. ಬಿಸಿಲಿಗೆ ಸಿಡಿಯುತ್ತೆ ಅಂತ ಹೆದರಿ ಗಾಳಿ ಕಡಿಮೆ ಇಡುವವರು ಬಹಳ ಜನ. ಲೆಕ್ಕ ನೋಡಿ: ಬೆಳಿಗ್ಗೆ 25 ಡಿಗ್ರಿಯಲ್ಲಿ 50 ಪೌಂಡ್ ತುಂಬಿಸಿ, ಮಧ್ಯಾಹ್ನ ಟೈರೊಳಗಿನ ಗಾಳಿ 60 ಡಿಗ್ರಿ ಮುಟ್ಟಿದರೂ ಏರುವುದು ಏಳೆಂಟು ಪೌಂಡ್ ಮಾತ್ರ. ಗಟ್ಟಿ ಟೈರ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನಿಂತಲ್ಲೇ ಸಿಡಿದ ಟೈರ್ ಮೊದಲೇ ಎಲ್ಲೋ ಸೀಳಿತ್ತು. ಆದರೂ ನೆರಳು ನೆರಳೇ. ಬೇವಿನ ಮರ ಸಿಗದಿದ್ದರೆ ಒಂದು ಹಸಿ ಗೋಣಿಚೀಲವನ್ನಾದರೂ ಚಕ್ರದ ಮೇಲೆ ಹಾಕಿ.

ಹೊಸ ಟೈರ್ ಹಾಕಿಸಿದ ದಿನ ಬ್ರೇಕ್ ಕಟ್ಟೆಯನ್ನೂ ನೋಡಿಸಿ. ಅದು ರಿಮ್ಮಿಗೆ ಬಿಟ್ಟು ಟೈರಿಗೆ ತಾಗುತ್ತಿದ್ದರೆ ಪಕ್ಕದಲ್ಲಿ ಸುತ್ತಲೂ ಗೆರೆ ಕೊರೆದು, ಹೊಸ ಟೈರು ಒಂದೇ ತಿಂಗಳಲ್ಲಿ ಹಳೇದಾಗುತ್ತದೆ. ಕಡ್ಡಿ ಬ್ರೇಕಿನ ಸೈಕಲ್ಲಿಗೆ ಈ ಕಾಟ ಇಲ್ಲ.

ಪ್ರಶ್ನೆ: ಟ್ಯೂಬಿನೊಳಗೆ ಹಾಕುವ ದ್ರವ ಸಿಗುತ್ತಂತೆ, ಹಾಕಿದರೆ ಪಂಕ್ಚರೇ ಆಗುವುದಿಲ್ಲವಂತೆ. ನಿಜವಾ? – ಮಾನ್ವಿ

ಉತ್ತರ: ಸಣ್ಣ ಮುಳ್ಳಿನ ತೂತಿಗೆ ನಿಜ. ಸೀಳಿಗೆ ಅಲ್ಲ. ಕೆಲವು ತಿಂಗಳಿಗೆ ಒಳಗೇ ಒಣಗುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ಜಾಲಿ ಮುಳ್ಳಿನ ದಾರಿಯಲ್ಲೇ ದಿನವೂ ಓಡಾಡುವವರು ಹಾಕಿಸಬಹುದು. ಆದರೆ ಆ ಟ್ಯೂಬಿಗೆ ಮುಂದೆ ತೇಪೆ ಹಾಕಬೇಕಾದಾಗ ತೂತಿನಿಂದ ಅಂಟು ಜಿನುಗುತ್ತಾ ಇರುತ್ತದೆ, ಪಂಕ್ಚರ್ ಹಾಕುವವರು ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ. ನಮ್ಮ ಹಳ್ಳಿಗಳ ಹಳೇ ಉಪಾಯವೇ ನನಗೆ ಇಷ್ಟ: ಹಳೇ ಟೈರಿನ ಎರಡೂ ಅಂಚು ಕತ್ತರಿಸಿ, ಹೊಸ ಟೈರಿನ ಒಳಗೆ ಪಟ್ಟಿಯಂತೆ ಹಾಸುವುದು. ಸೈಕಲ್ ಭಾರ ಆಗುತ್ತೆ, ತುಳಿಯಲು ತ್ರಾಸ, ಆದರೆ ಮುಳ್ಳಿಗೆ ಎರಡು ಗೋಡೆ.

ಪ್ರಶ್ನೆ: ಮೊದಮೊದಲು ಸೈಕಲ್ ಟೈರಿಗೆ ಪಂಕ್ಚರ್ ಹೇಗೆ ಹಾಕುತ್ತಿದ್ದರು? ಸುಮ್ನೆ ಕುತೂಹಲ. – ಕುಷ್ಟಗಿ

ಉತ್ತರ: ಕಷ್ಟಪಟ್ಟು! ಗಾಳಿ ಟೈರನ್ನು ಸೈಕಲ್ಲಿಗೆ ತಂದವರು ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, 1888ರಲ್ಲಿ. ಮಗನ ಮೂರು ಚಕ್ರದ ಸೈಕಲ್ ಗಡಗಡ ಅನ್ನದಿರಲಿ ಎಂದು ಶುರು ಮಾಡಿದ್ದು. ಆಗ ಟೈರನ್ನು ರಿಮ್ಮಿಗೇ ಅಂಟಿಸಿಬಿಡುತ್ತಿದ್ದರು. ತೂತಾದರೆ ಅಂಟು ಬಿಡಿಸಬೇಕು, ರಿಪೇರಿ ಮಾಡಬೇಕು, ಮತ್ತೆ ಅಂಟಿಸಿ ರಾತ್ರಿಯೆಲ್ಲ ಒಣಗಲು ಬಿಡಬೇಕು. ಫ್ರಾನ್ಸಿನ ಮಿಷೆಲಿನ್ ಅಣ್ಣತಮ್ಮಂದಿರ ಕಾರ್ಖಾನೆಗೆ ಇಂಥದ್ದೇ ಒಂದು ಸೈಕಲ್ ರಿಪೇರಿಗೆ ಬಂತು. ಗಂಟೆಗಟ್ಟಲೆ ಒದ್ದಾಡಿ ಬೇಸತ್ತು, ಬಿಚ್ಚಿ ಹಾಕಬಲ್ಲ ಟೈರನ್ನೇ ಮಾಡಿದರು. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರುವ ಓಟದಲ್ಲಿ ಗೆದ್ದ ಶಾರ್ಲ್ ತೆರೋಂ ಓಡಿಸಿದ್ದು ಆ ಟೈರಿನ ಸೈಕಲ್ಲನ್ನೇ.

ಪ್ರಶ್ನೆ: ಹಳೇ ಟೈರು ಟ್ಯೂಬು ಏನು ಮಾಡಲಿ? ಮನೆಯವರು ಎಸೆ ಅಂತಾರೆ. – ಸಿರುಗುಪ್ಪ

ಉತ್ತರ: ಮೊದಲು, ಸುಡಬೇಡಿ. ಕಾಮದಹನಕ್ಕೆ ಹುಡುಗರು ಟೈರ್ ಕೇಳಿಕೊಂಡು ಬರುತ್ತಾರೆ, ಕೊಡಬೇಡಿ, ಆ ಹೊಗೆ ಎದೆಗೆ ಬಹಳ ಕೆಟ್ಟದ್ದು. ಟ್ಯೂಬನ್ನು ಉದ್ದಕ್ಕೆ ಸೀಳಿಟ್ಟುಕೊಂಡರೆ ಕ್ಯಾರಿಯರಿಗೆ ಹೊರೆ ಕಟ್ಟಲು ಅದಕ್ಕಿಂತ ಒಳ್ಳೆಯ ಹಗ್ಗ ಇಲ್ಲ. ಟೈರಿನಲ್ಲಿ ಗಟ್ಟಿ ಇರುವ ಕಡೆ ಒಂದು ಗೇಣು ತುಂಡು ಕತ್ತರಿಸಿ ಸೀಟಿನ ಕೆಳಗೆ ಕಟ್ಟಿಕೊಳ್ಳಿ, ದಾರಿಯಲ್ಲಿ ಟೈರ್ ಸೀಳಿದ ದಿನ ಅದೇ ಮನೆ ಮುಟ್ಟಿಸುತ್ತದೆ. ಉಳಿದ ಟೈರ್ ಕತ್ತರಿಸದೆ ಹಾಗೇ ಇದ್ದರೆ ಓಣಿಯ ಮಕ್ಕಳಿಗೆ ಒಂದು ಕೋಲಿನ ಜತೆ ಕೊಟ್ಟುಬಿಡಿ. ಮನೆಯವರಿಗೆ ಎಸೆದೆ ಅಂತಲೇ ಹೇಳಿ.